ಬೀಗರಿಗೆ ಕೊಟ್ಟ ಕಾರು

ಕೆಂಗೇರಿಯ ಬೀಗರು ಕಾರು ಕೇಳಿದ್ದಾರೆಂಬ ಸುದ್ದಿಯನ್ನು ರಾಮಯ್ಯ ಬಾಯಿಬಿಟ್ಟು ಹೇಳಿದ್ದು ಎರಡನೆಯ ಮುದ್ದೆ ತಟ್ಟೆಗೆ ಬಿದ್ದ ಮೇಲೆ. ಅಲ್ಲಿಯವರೆಗೆ ಅವನು ಬಸ್ಸಾರಿಗೆ ಉಪ್ಪು ಹೆಚ್ಚಾದದ್ದು, ಮೇಲಿನ ಮನೆಯ ಬಾಡಿಗೆಯವರು ನೀರು ಪೋಲು ಮಾಡುವುದು, ಮೂಡಲಪಾಳ್ಯದ ಸರ್ಕಲ್ಲಿನಲ್ಲಿ ಮತ್ತೆ ರಸ್ತೆ ಅಗೆದಿರುವುದು, ಇಂಥವನ್ನೇ ಆಡುತ್ತಿದ್ದ. ಗಂಡ ಊರ ಮಾತನ್ನೆಲ್ಲ ಆಡುತ್ತಿದ್ದಾನೆಂದರೆ ಮನೆಯ ಮಾತೊಂದು ಗಂಟಲಲ್ಲಿ ಕೂತಿದೆಯೆಂದು ಯಶೋದಮ್ಮನಿಗೆ ಗೊತ್ತಿತ್ತು. ಅವಳು ಕೇಳಲಿಲ್ಲ. ಸೌಟಿನಲ್ಲಿ ಸಾರು ಕಲಕುತ್ತಾ ಕಾದಳು.

"ಬರೀ ಕಾರಲ್ವಂತೆ. ಆರು ಏರ್‌ಬ್ಯಾಗ್ ಇರೋದೇ ಆಗ್ಬೇಕಂತೆ," ಎಂದ ರಾಮಯ್ಯ ಕೊನೆಗೆ.

ಮಗಳು ದಿವ್ಯಳನ್ನು ಕೆಂಗೇರಿಯ ಅಂಜಿನಯ್ಯನ ಮಗ ದರ್ಶನನಿಗೆ ಕೊಡುವುದೆಂದು ಎಲೆ ಅಡಿಕೆ ಬದಲಾಯಿಸಿಕೊಂಡು ಆಗಿತ್ತು. ಆಗ ಕಾರಿನ ಮಾತೇ ಇರಲಿಲ್ಲ. ಈ ನಡುವೆ ಅಂಜಿನಯ್ಯನ ತಂಗಿಯ ಮಗ ಶಶಿಕುಮಾರ್ ಎಂಬುವವನು ಮಸ್ಕತ್ತಿನಿಂದ ರಜೆಗೆ ಬಂದಿದ್ದ. ಅವನು ಅಲ್ಲಿ ಓಡಿಸುತ್ತಿದ್ದುದು ಇಲ್ಲಿಯದೇ ಒಂದು ಚಿಕ್ಕ ಕಾರು. ಇಲ್ಲೇ ತಯಾರಾಗಿ ಹಡಗು ಹತ್ತಿ ಹೋಗುವ ಅದೇ ಕಾರಿಗೆ ಅಲ್ಲಿ ಬಾಗಿಲುಗಳ ಬದಿಯಲ್ಲೂ ಗಾಳಿಚೀಲ ಇರುತ್ತದೆ, ಇಲ್ಲಿಯವರಿಗೆ ಮಾತ್ರ ಮುಂದುಗಡೆ ಎರಡು ಇಟ್ಟು ಕೈತೊಳೆದುಕೊಳ್ಳುತ್ತಾರೆ ಎಂದು ಅವನು ಮಾವನ ಕಿವಿಗೆ ಹಾಕಿದ್ದ. ಅಂಜಿನಯ್ಯ ಅದನ್ನು ಹಿಡಿದುಕೊಂಡ. ವರದಕ್ಷಿಣೆ ಅಂತ ತಿಳಿಯಬೇಡಿ, ಓಡಾಡುವವಳು ನಿಮ್ಮ ಮಗಳೇ, ಅವಳ ಕ್ಷೇಮಕ್ಕೇ ಕೇಳ್ತಿರೋದು, ಹೊರದೇಶಕ್ಕೆ ಹೋಗುವಂಥದ್ದೇ ಕೊಡಿಸಿ ಎಂದು ನಯವಾಗಿ ಹೇಳಿ ಕಳುಹಿಸಿದ್ದ.

ಮಗ ಸಂಪತ್ ಕೈಯಲ್ಲಿದ್ದ ಮುದ್ದೆಯನ್ನು ಹಾಗೇ ಹಿಡಿದುಕೊಂಡು ನಕ್ಕ. ಮೈಸೂರು ರಸ್ತೆಯ ಶೋರೂಮೊಂದರಲ್ಲಿ ಅವನು ಮಾರುತ್ತಿದ್ದುದು ಅದೇ ಕಾರನ್ನು.

"ಲೀಟರಿಗೆ ಎಷ್ಟು ಕೊಡುತ್ತೆ ಅಂತ ಕೇಳೋ ಗಿರಾಕಿ ನೋಡಿದೀನಿ. ಎಷ್ಟು ಏರ್‌ಬ್ಯಾಗು ಅಂತ ಕೇಳೋ ಗಿರಾಕಿ ಇವ್ರೇ ಮೊದಲು," ಎಂದ. ಆಮೇಲೆ ಅಪ್ಪನಿಗೆ ತಿಳಿಯುವಂತೆ ಬಿಡಿಸಿ ಹೇಳಿದ. ಕಾರು ಹಗುರ ಇದ್ದರೆ ಪೆಟ್ರೋಲು ಕಡಿಮೆ ಕುಡಿಯುತ್ತದೆ. ಒಂದೊಂದು ಚೀಲಕ್ಕೂ, ಬಾಗಿಲೊಳಗಿನ ಒಂದೊಂದು ಕಬ್ಬಿಣದ ಪಟ್ಟಿಗೂ ತೂಕ ಉಂಟು, ಬೆಲೆ ಉಂಟು. ಹೊಗೆಯ ಕಾನೂನೂ ಅಷ್ಟೇ, ಒಂದು ದೇಶಕ್ಕೆ ಒಂದು ಥರದ ಕೊಳವೆ. ಯಾವ ದೇಶದವರು ಎಷ್ಟು ಕೇಳುತ್ತಾರೋ ಕಂಪನಿಯವರು ಅಷ್ಟನ್ನೇ ಹಾಕುತ್ತಾರೆ. ಇಲ್ಲಿಯ ಜನ ಮೈಲೇಜು ಕೇಳುತ್ತಾರೆ, ಮೈಲೇಜು ಸಿಗುತ್ತದೆ. ಆರು ಚೀಲದ್ದು ಇಲ್ಲೂ ಸಿಗುವುದಿಲ್ಲವೆಂದಲ್ಲ, ಟಾಪ್ ಮಾಡೆಲ್ ತೆಗೆದುಕೊಳ್ಳಬೇಕು.

ಅಂಥದ್ದೊಂದು ಅವರ ಗೇಟಿನೊಳಗೇ ನಿಂತಿತ್ತು. ಶೋರೂಮಿನ ಕೆಲಸದವರಿಗೆ ಕೊಡುವ ರಿಯಾಯಿತಿಯಲ್ಲಿ ಸಂಪತ್ ಹಿಂದಿನ ವರ್ಷ ತಂದಿದ್ದ ಬಿಳಿಯ ಕಾರು. ಸೊಸೆ ಮಾನಸ ಅದನ್ನೇ ಹೇಳಿದಳು, ನಮ್ಮದರಂಥದ್ದೇ ಕೊಟ್ಟರಾಯ್ತಲ್ಲ ಎಂದು. ರಾಮಯ್ಯ ಮೇಲೆ ನೋಡಿದ. ಮೂರನೆಯ ಅಂತಸ್ತಿನ ಚಾವಣಿ ಮೋಲ್ಡಿಗೆ ಕಂಬಿ ಬಂದು ಬಿದ್ದಿತ್ತು. ಎರಡು ಬಾಡಿಗೆ ಮನೆ ಏಳುವ ಜಾಗ ಅದು. ಬೀಗರ ಬಾಗಿಲಿಗೆ ಚೀಲ ಕಟ್ಟಿಸುವುದಕ್ಕೆ ಅದನ್ನು ನಿಲ್ಲಿಸುವ ಮನಸ್ಸು ಅವನಿಗಿರಲಿಲ್ಲ.

ಆಗ ಸಂಪತ್ ಉಪಾಯ ಹೇಳಿದ. ಎರಡೇ ಚೀಲದ ಅಗ್ಗದ ಬೇಸ್ ಮಾಡೆಲ್ ತೆಗೆದುಕೊಳ್ಳುವುದು, ಅದಕ್ಕೆ ಟಾಪ್ ಮಾಡೆಲಿನ ವೇಷ ಕಟ್ಟಿಸುವುದು. ಹೊಳೆಯುವ ಚಕ್ರ, ಹಿಂದುಗಡೆ ಮಾಡೆಲಿನ ಅಕ್ಷರ, ಮುಂದೆ ದೊಡ್ಡ ಸ್ಕ್ರೀನು, ಎಲ್ಲಕ್ಕೂ ರಿಂಗ್ ರೋಡಿನಲ್ಲಿ ಅಂಗಡಿಗಳಿವೆ. ಎಷ್ಟೋ ಜನ ತಮ್ಮ ಶೋಕಿಗೇ ಮಾಡಿಸಿಕೊಳ್ಳುತ್ತಾರೆ.

"ಪಕ್ಕದಲ್ಲಿ ತಂದು ನಿಲ್ಸಿದ್ರೆ ನಮ್ಮದು ಯಾವುದು ಅವರದು ಯಾವುದು ಅಂತ ನಿಮಗೇ ಗೊತ್ತಾಗಲ್ಲ ಕಣಪ್ಪ. ಎಕ್ಸ್‌ಪೋರ್ಟ್ ಮಾಡೆಲ್ ಅಂತ ಹೇಳ್ತೀನಿ."

ಯಶೋದಮ್ಮನಿಗೆ ಇದು ಹೊಸ ಮಾತೆನಿಸಲಿಲ್ಲ. ಈ ಮನೆಗಳೆಲ್ಲ ಏಳುವ ಮೊದಲು ಇಲ್ಲಿ ಸೊಪ್ಪಿನ ಹೊಲಗಳಿದ್ದವು. ಊರ ಮೋರಿಯ ನೀರೆಲ್ಲ ಸೇರಿ ಕಪ್ಪಗೆ ಹರಿಯುತ್ತಿದ್ದ ಹಳ್ಳಕ್ಕೆ ಪಂಪು ಇಟ್ಟು ದಂಟು, ಹರಿವೆ, ಕೊತ್ತಂಬರಿ ಬೆಳೆಯುತ್ತಿದ್ದರು. ಆ ನೀರಿಗೆ ಸೊಪ್ಪು ಮೊಳಕೈಯುದ್ದ ಬರುತ್ತಿತ್ತು, ನೋಡಿದವರ ಕಣ್ಣು ತಂಪಾಗಬೇಕು ಹಾಗೆ. ಅದೆಲ್ಲ ಮಾರ್ಕೆಟ್ಟಿಗೆ. ಮನೆಗೆಂದು ಬಾವಿಯ ಬಳಿ ಬೇರೆ ಒಂದು ಪಾತಿ ಇರುತ್ತಿತ್ತು. ಯಶೋದಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಗೊತ್ತಿಲ್ಲದೆ ಹೊಲದ ಸೊಪ್ಪು ಕೊಯ್ದು ತಂದಿದ್ದಕ್ಕೆ ಅತ್ತೆ ಅದನ್ನು ಮೊರದ ಸಮೇತ ತಿಪ್ಪೆಗೆ ಎಸೆದಿದ್ದಳು. ಮಾರುವುದು ಬೇರೆ, ಉಣ್ಣುವುದು ಬೇರೆ. ಸುತ್ತಿನ ಹಳ್ಳಿಗಳಲ್ಲಿ ಯಾರೂ ಇದನ್ನು ತಪ್ಪೆಂದು ತಿಳಿದಿರಲಿಲ್ಲ.

"ಅದ್ರಲ್ಲಿ ಕೂರೋದು ದಿವ್ಯ ಅಲ್ವಾ?" ಎಂದಳು ಮಾನಸ.

ಅರ್ಧ ಊರು ಅದೇ ಕಾರಿನಲ್ಲಿ ಓಡಾಡುತ್ತಿಲ್ಲವೇ ಎಂದು ಸಂಪತ್ ಗದರಿದ. ಮಾನಸ ಬಿಡಲಿಲ್ಲ. ಹಾಗಾದರೆ ನಮಗೆ ಮಾತ್ರ ಯಾಕೆ ಟಾಪ್ ಮಾಡೆಲ್ ತಂದಿರಿ, ದಿವ್ಯ ದಿನಾ ಬಿಡದಿಯಿಂದಾಚೆ ಕಾಲೇಜಿಗೆ ಹೋಗಿ ಪಾಠ ಮಾಡಿ ಬರುವವಳು, ಆ ರಸ್ತೆಯ ಲಾರಿಗಳನ್ನು ನೋಡಿದ್ದೀರಲ್ಲ ಎಂದಳು. ಕೇಳಿದ್ದು ಗಂಡನನ್ನು, ನೋಡಿದ್ದು ಅತ್ತೆಯನ್ನು. ಆ ನೋಟ ಯಶೋದಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮಾನಸ ಈ ಮನೆಗೆ ಬಂದು ಐದು ವರ್ಷವಾಗಿತ್ತು. ಮಡಿಲು ತುಂಬಿರಲಿಲ್ಲ.

"ಹೆತ್ತು ಸಾಕಿದ್ರೆ ಗೊತ್ತಾಗಿರೋದು, ಒಂದು ಹೆಣ್ಣನ್ನ ದಾಟಿಸೋದು ಎಷ್ಟು ಕಷ್ಟ ಅಂತ," ಎಂದಳು ಯಶೋದಮ್ಮ. "ತಟ್ಟೆ ಎತ್ತಿ ನೆಲ ಒರಸು."

ಮಾನಸ ತಟ್ಟೆ ಎತ್ತಿದಳು. ಮತ್ತೆ ಆ ಮಾತು ಆಡಲಿಲ್ಲ.

ಕಾರು ಬಂದ ವಾರ ಸಂಪತ್ ತಾಯಿಯನ್ನು ನಾಗರಬಾವಿಯ ರಿಂಗ್ ರೋಡಿನ ಅಂಗಡಿಗೆ ಕರೆದುಕೊಂಡು ಹೋದ. ಸೀಟಿನ ಕವರಿಗೆ ಬಣ್ಣ ಆರಿಸುವುದಿತ್ತು, ದಿವ್ಯಳ ಇಷ್ಟ ಏನೆಂದು ಅಮ್ಮನಿಗೇ ಗೊತ್ತು ಎಂದಿದ್ದ. ಯಶೋದಮ್ಮ ಒಂದೊಂದೇ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಕಂದು ಬಣ್ಣದ್ದನ್ನು ಆರಿಸಿದಳು. ಶಿವಯೋಗಿ ಎಂಬ ಹುಬ್ಬಳ್ಳಿ ಕಡೆಯ ಕೆಲಸದವನು ಕಾರಿನೊಳಗೆ ಕೂತು, ಕಿಟಕಿಗಳ ನಡುವಿನ ಕಂಬದ ಮೇಲೆ ಏರ್‌ಬ್ಯಾಗ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅಂಟಿಸುತ್ತಿದ್ದ. ನೆಟ್ಟಗೆ ಕೂರಬೇಕೆಂದು ನಾಲಿಗೆ ಕಚ್ಚಿಕೊಂಡು ಅಂಟಿಸುತ್ತಿದ್ದ.

ಯಶೋದಮ್ಮ ಬಗ್ಗಿ ಆ ಜಾಗವನ್ನು ತಟ್ಟಿ ನೋಡಿದಳು. ಅದರೊಳಗೆ ಏನಿರುತ್ತದೆ ಎಂದು ಕೇಳಿದಳು.

"ಒಳಗೇನ್ ಇಲ್ರೀ ಅಮ್ಮಾರ. ಬರೇ ಅಕ್ಷರ," ಎಂದ ಅವನು.

ಸಂಪತ್ ಅಷ್ಟರಲ್ಲಿ ಕಬ್ಬಿನ ಹಾಲು ತರಿಸಿದ್ದ. ಕುಡಿದು ಮನೆಗೆ ಬಂದರು. ದಾರಿಯಲ್ಲಿ ಯಶೋದಮ್ಮ ಒಮ್ಮೆ, ದರ್ಶನ ಗಾಡಿ ನಿಧಾನವಾಗಿ ಓಡಿಸುತ್ತಾನೋ ಹೇಗೆ ಎಂದಳು. ಇಷ್ಟು ದಿನ ಬೈಕಲ್ಲಿ ಓಡಾಡಿದವನು, ಕಾರಲ್ಲಿ ಏನಾಗುತ್ತೆ ಬಿಡು ಎಂದ ಸಂಪತ್.

ಮದುವೆಯಲ್ಲಿ ಆ ಕಾರು ಛತ್ರದ ಮುಂದೆ ಸೇವಂತಿಗೆ ಹಾರ ಹಾಕಿಕೊಂಡು ನಿಂತಿತ್ತು. ಅಂಜಿನಯ್ಯ ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು ಬಾಗಿಲು ತೆಗೆದು ತೋರಿಸಿದ. ಹೊರದೇಶಕ್ಕೆ ಹೋಗೋ ಮಾಲು, ಬೀಗರು ಶೋರೂಮಿನವರಾದ್ದರಿಂದ ಸಿಕ್ಕಿತು ಎಂದ. ಸಂಪತ್ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ.

ಮೊದಲ ಎರಡು ತಿಂಗಳು ದಿವ್ಯ ವಾರಕ್ಕೊಮ್ಮೆ ಗಂಡನ ಜೊತೆ ಬಂದು ಹೋಗುತ್ತಿದ್ದಳು. ಮೈ ತುಂಬಿಕೊಂಡಿದ್ದಳು. ಅತ್ತೆ ತನ್ನನ್ನು ಕರೆಯುವುದು ಕಾರಿನ ಸೊಸೆ ಎಂದೇ, ಎಲ್ಲಿಗೆ ಹೋಗಬೇಕಾದರೂ ನಿಮ್ಮಪ್ಪನ ಕಾರಲ್ಲೇ ಹೋಗೋಣ ಎನ್ನುತ್ತಾರೆ ಎಂದು ನಗುತ್ತಾ ಹೇಳಿದಳು. ದರ್ಶನ ಹೈವೇಯಲ್ಲಿ ನೂರಿಪ್ಪತ್ತರ ಮೇಲೆ ಓಡಿಸುತ್ತಾನಂತೆ. ಆರು ಏರ್‌ಬ್ಯಾಗ್ ಇದಾವಲ್ಲ, ಭಯ ಯಾಕೆ ಎನ್ನುತ್ತಾನಂತೆ.

ಯಶೋದಮ್ಮ ಅಂದು ಅಡುಗೆಮನೆಯಲ್ಲಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬೆರಳು ಅಲ್ಲೇ ನಿಂತವು. ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ದಿವ್ಯ ಗಂಡನಿಗೆ ಹೇಳುತ್ತಾಳೆ, ಗಂಡ ಅಪ್ಪನಿಗೆ ಹೇಳುತ್ತಾನೆ, ಕಾರಿನ ಸೊಸೆ ಮೋಸದ ಸೊಸೆಯಾಗುತ್ತಾಳೆ. ಗಾಡಿ ಎಲ್ಲರದ್ದೂ ಗುದ್ದುವುದಿಲ್ಲ. ಮಾತು ಮಾತ್ರ ಗುದ್ದದೆ ಬಿಡುವುದಿಲ್ಲ. ನಿಧಾನವಾಗಿ ಓಡಿಸೋದಕ್ಕೆ ಹೇಳವ್ವ ಎಂದಷ್ಟೇ ಹೇಳಿ ಎಣ್ಣೆ ತಟ್ಟಿದಳು.

ಗುಟ್ಟು ರಟ್ಟಾದದ್ದು ಬಲು ಸುಲಭವಾಗಿ. ರಾಜರಾಜೇಶ್ವರಿನಗರದಲ್ಲಿ ಯಾರೋ ಆಟೋದವನು ಬಾಗಿಲಿಗೆ ಉಜ್ಜಿಕೊಂಡು ಹೋದ. ಬಾಗಿಲು ಬದಲಿಸಲು ದರ್ಶನ ಭಾವನ ಶೋರೂಮಿಗೆ ಬರದೆ ಹತ್ತಿರದ ಬೇರೊಂದು ಸರ್ವೀಸಿಗೆ ಬಿಟ್ಟ. ಅಲ್ಲಿಯವರು ಕಂಪ್ಯೂಟರಿನಲ್ಲಿ ನಂಬರು ಹಾಕಿ ನೋಡಿ, ಇದು ಬೇಸ್ ಮಾಡೆಲ್ ಅಲ್ವಾ ಸಾರ್, ಇದಕ್ಕೆ ಈ ಅಕ್ಷರ ಯಾರು ಅಂಟಿಸಿದ್ರು ಎಂದರು.

ಅಂಜಿನಯ್ಯ ಒಬ್ಬನೇ ಬಂದ. ಭಾನುವಾರ, ಊಟದ ಹೊತ್ತಿಗೆ. ಕೂಗಾಡುತ್ತಾನೆಂದು ಸಂಪತ್ ಬೀದಿಯ ಕಡೆಯ ಕಿಟಕಿ ಮುಚ್ಚಿದ. ಬಂದವನು ಕೈಕಾಲು ತೊಳೆದು ಕೂತು ನಿಧಾನವಾಗಿ ಉಂಡ. ಕೋಳಿಯ ಇನ್ನೊಂದು ತುಂಡು ಹಾಕಿಸಿಕೊಂಡ. ಕೈಗೆ ನೀರು ಬಿಟ್ಟುಕೊಂಡ ಮೇಲೆ ಮಾತು ತೆಗೆದ.

"ಸಂಪತ್ತಪ್ಪ, ನೀನು ಮಾಡಿದ್ರಲ್ಲಿ ತಪ್ಪಿಲ್ಲ ಬಿಡು. ನಾವೂ ಹಳ್ಳದ ನೀರಲ್ಲಿ ಸೊಪ್ಪು ಬೆಳ್ದು ಮಾರಿದವ್ರೇ. ಹೊರಗಿನೋರಿಗೆ ಒಂದು, ಮನೆಯೋರಿಗೆ ಒಂದು. ಆದ್ರೆ ನಾವು ಯಾರೂ ಆ ಸೊಪ್ಪನ್ನ ಹೆತ್ತ ಮಗಳ ತಟ್ಟೆಗೆ ಹಾಕಿರ್ಲಿಲ್ಲ."

ರಾಮಯ್ಯ, ತಪ್ಪಾಗಿದೆ ಬೀಗರೆ, ಕಾರು ಬದಲಾಯಿಸಿ ಕೊಡೋಣ, ಮೋಲ್ಡಿನ ಕೆಲಸ ಒಂದು ಮುಗಿಯಲಿ ಎಂದು ತೊದಲಿದ. ಅಂಜಿನಯ್ಯ ಕೈಯೆತ್ತಿ ತಡೆದ.

"ಬದಲಾಯ್ಸೋದು ಬೇಡ. ಮಾರೋದೂ ಇಲ್ಲ. ಮಗಳಿಗೆ ಅಂತ ತಾನೆ ಕೊಟ್ರಿ, ಇನ್ಮೇಲೆ ಅವಳೇ ಓಡಿಸ್ತಾಳೆ. ಒಬ್ಬಳೇ. ನನ್ನ ಮಗ ಅದ್ರಲ್ಲಿ ಕಾಲಿಡಲ್ಲ."

ಇಷ್ಟು ದಿನ ಕಾಲೇಜಿನ ಬಸ್ಸಿನಲ್ಲೇ ಹೋಗುತ್ತಿದ್ದಳಲ್ಲ, ಹಾಗೇ ಹೋಗಲಿ ಬಿಡಿ ಎಂದಳು ಯಶೋದಮ್ಮ. ಅಂಜಿನಯ್ಯ ಅವಳ ಕಡೆ ತಿರುಗಿ ಕೈಮುಗಿದ. ನೀವು ಅಷ್ಟು ಪ್ರೀತಿಯಿಂದ ಕೊಟ್ಟಿರುವಾಗ ಅದನ್ನು ನಿಲ್ಲಿಸಿ ಬಸ್ಸಿಗೆ ಕಳಿಸಿದರೆ ನಿಮಗೇ ಅವಮಾನ ತಾಯಿ ಎಂದ. ಎಲೆ ಅಡಿಕೆ ಹಾಕಿಕೊಂಡು ಹೊರಟುಹೋದ.

ಸಂಜೆ ದಿವ್ಯ ಫೋನ್ ಮಾಡಿದಳು. ಅಳುತ್ತಿರಲಿಲ್ಲ. ಅಣ್ಣ ಹೀಗೆ ಮಾಡಿದ್ದು ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ಯಶೋದಮ್ಮ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿಕೊಂಡಳು.

"ಕಾರಿನ ವಿಷಯ ನಂಗೇನು ತಿಳಿಯುತ್ತೆ ಕಣವ್ವ. ನಿಮ್ಮಣ್ಣ ನಂಗೇನೂ ಹೇಳ್ಲಿಲ್ಲ."

ಬಾಗಿಲಲ್ಲಿ ನಿಂತು ಬಟ್ಟೆ ಮಡಿಸುತ್ತಿದ್ದ ಮಾನಸ ತಲೆಯೆತ್ತಿ ನೋಡಿ, ಮತ್ತೆ ಮಡಿಸತೊಡಗಿದಳು.

ಅಂದಿನಿಂದ ದಿವ್ಯ ಹೊಸದಾಗಿ ಕಲಿತ ಕೈಯಲ್ಲಿ ಮೈಸೂರು ರಸ್ತೆಗೆ ಇಳಿದಳು. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಅಂಜಿನಯ್ಯನ ಮನೆಯವರು ಎಲ್ಲಿಗೆ ಹೊರಟರೂ ಹಳೆಯ ಜೀಪು ತೆಗೆಯುತ್ತಿದ್ದರು, ಸೊಸೆ ಹಿಂದೆ ತನ್ನ ಕಾರಿನಲ್ಲಿ ಬರಬೇಕು. ನೆಂಟರ ಮದುವೆಗೆ ಹೋದರೂ ಹಾಗೆಯೇ. ಪಕ್ಕದ ಸೀಟಿನಲ್ಲಿ ಒಂದು ಮಗು ಓಡಿಬಂದು ಕೂತರೂ ಅತ್ತೆ ಬಂದು ಇಳಿಸಿಕೊಳ್ಳುತ್ತಾಳಂತೆ, ಅದು ಬೇಡ ಕಂದ, ಅದು ಚಿಕ್ಕಮ್ಮಂದು ಎಂದು. ದರ್ಶನ ಏನೆನ್ನುತ್ತಾನೆ ಎಂದು ಯಶೋದಮ್ಮ ಕೇಳಿದರೆ, ಏನೂ ಅನ್ನಲ್ಲ ಎನ್ನುತ್ತಿದ್ದಳು ದಿವ್ಯ. ಬಿಡದಿಯ ಹತ್ತಿರ ಜಲ್ಲಿ ಲಾರಿಯೊಂದು ಪಕ್ಕದ ಕನ್ನಡಿಯನ್ನು ಕಿತ್ತುಕೊಂಡು ಹೋದದ್ದನ್ನು, ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳಿದಳು.

ಆಮೇಲೆ ಯಶೋದಮ್ಮ ಸಂಜೆಯಾದರೆ ಫೋನು ಹಿಡಿದು ಗೇಟಿಗೂ ಒಳಗೂ ಓಡಾಡತೊಡಗಿದಳು. ಮಗಳು ಕೆಂಗೇರಿ ಮುಟ್ಟಿದೆ ಎಂದು ಫೋನ್ ಮಾಡುವ ತನಕ ಒಲೆಯ ಮುಂದೆ ನಿಲ್ಲಲಾರಳು. ಒಂದು ದಿನ ಮಗನ ಮುಂದೆ ಬಾಯಿಬಿಟ್ಟಳು. ನಮ್ಮ ಕಾರು ಅವಳಿಗೆ ಕೊಡು, ಅವಳದನ್ನು ನೀನಿಟ್ಟುಕೋ, ನೋಡೋದಕ್ಕೆ ಒಂದೇ ಥರ ಇದಾವಲ್ಲ, ಬೀಗರಿಗೆ ಹೇಳುವುದೂ ಬೇಡ ಎಂದಳು. ಸಂಪತ್ ಹೆಂಡತಿಯ ಕಡೆ ನೋಡಿದ.

ಮಾನಸ ಆಗ ಐದು ತಿಂಗಳ ಬಸುರಿ. ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು.

"ಅವತ್ತು ನಾನು ಬಡ್ಕೊಂಡೆ ಅತ್ತೆ. ನೀವು ಏನಂದ್ರಿ?"

ಯಶೋದಮ್ಮ ನೆಲಕ್ಕೆ ಬಿದ್ದಿದ್ದ ಈರುಳ್ಳಿ ಸಿಪ್ಪೆ ಆಯತೊಡಗಿದಳು.

"ಹೆತ್ತಿದ್ರೆ ಗೊತ್ತಾಗಿರೋದು ಅಂದ್ರಿ. ಈಗ ಗೊತ್ತಾಗಿದೆ. ನನ್ನ ಮಗೂನ ಅಂಥ ಕಾರಲ್ಲಿ ನಾನು ಕೂರ್ಸಲ್ಲ."

ಸೊಸೆಯ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಬಿದ್ದಿದ್ದರೂ ಬೀಳುತ್ತಿದ್ದಳೇನೋ. ಆದರೆ ಮಾನಸ ಹೆಚ್ಚಿದ ಈರುಳ್ಳಿಯನ್ನು ತಟ್ಟೆಗೆ ಒತ್ತರಿಸಿಕೊಂಡು ಎದ್ದುಹೋದಳು. ರಾಮಯ್ಯ ಮೇಲಿನಿಂದ ಇಳಿದು ಬಂದವನು, ಮೋಲ್ಡಿಗೆ ನೀರು ಹಾಕುವವರು ಯಾರೂ ಇಲ್ಲವೇ ಈ ಮನೆಯಲ್ಲಿ ಎಂದು ಕೂಗಿದ. ಯಶೋದಮ್ಮ ಪೈಪು ಹಿಡಿದುಕೊಂಡು ಮೇಲೆ ಹೋದಳು.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ದಿವ್ಯ ಬಂದಳು. ತಾನೇ ಓಡಿಸಿಕೊಂಡು, ಒಬ್ಬಳೇ. ಸಣ್ಣಗಾಗಿದ್ದಳು. ಸಂಪತ್ ಶೋರೂಮಿನಲ್ಲಿ ಹಬ್ಬದ ವ್ಯಾಪಾರ ಜೋರು ಎಂದು ಮನೆಯಲ್ಲಿರಲಿಲ್ಲ. ತಾಯಿ ಮಗಳು ಇಬ್ಬರೇ ಅಡುಗೆಮನೆಯಲ್ಲಿ ಕೂತು ಒಬ್ಬಟ್ಟು ಉಂಡರು. ಎಷ್ಟೋ ದಿನದ ಮೇಲೆ ದಿವ್ಯ ಎರಡನೆಯದಕ್ಕೆ ಕೈಚಾಚಿದಳು. ಪಾತ್ರೆ ತೊಳೆದು ಕೊಟ್ಟಳು, ಕಟ್ಟೆ ಒರಸಿದಳು, ಒಲೆಯನ್ನೂ ಒರಸಿ ಬಟ್ಟೆ ಹಿಂಡಿ ಹರವಿದಳು. ಅಣ್ಣನ ಸುದ್ದಿ ತಾನಾಗಿಯೇ ತೆಗೆದಳು.

"ಅಣ್ಣ ಮಾಡಿದ್ದು ಅಣ್ಣನ ಜೊತೆಗಿರಲಿ. ಅಪ್ಪಂದೂ ಅಷ್ಟೇ. ಆ ಮನೇಲಿ ಅವರು ಏನೇನೋ ಅಂತಾರೆ, ನಿಮ್ಮಮ್ಮಂಗೂ ಗೊತ್ತಿರುತ್ತೆ ಅಂತಾರೆ. ನಮ್ಮಮ್ಮಂಗೆ ಗೊತ್ತಿರ್ಲಿಲ್ಲ ಅಂತ ಹೇಳ್ತೀನಿ. ಅದೊಂದೇ ಮಾತು ಇಟ್ಕೊಂಡು ಅಲ್ಲಿದೀನಿ ಕಣಮ್ಮ."

ಯಶೋದಮ್ಮ ಮಗಳ ಬೆನ್ನು ಸವರಿದಳು. ಬಾಗಿನದ ಮೊರವನ್ನು ಇಬ್ಬರೂ ಹಿಡಿದುಕೊಂಡು ಗೇಟಿನವರೆಗೆ ಬಂದರು. ದಿವ್ಯ ಅದನ್ನು ಹಿಂದಿನ ಸೀಟಿನಲ್ಲಿಟ್ಟು, ಮುಂದಿನ ಬಾಗಿಲು ತೆಗೆದು ಹಿಡಿದಳು.

"ಬಾಮ್ಮ, ಕೆಂಗೇರಿ ತನಕ ಜೊತೆಗೆ ಬಾ. ಮನೆಯೊಳಗೆ ಬರ್ಬೇಡ, ಮೆಟ್ರೋ ಹತ್ರ ಇಳಿಸ್ತೀನಿ, ಅತ್ತಿಗುಪ್ಪೇಲಿ ಇಳ್ಕೊಂಡು ಆಟೋ ಹಿಡಿ. ಈ ಸೀಟಲ್ಲಿ ಯಾರೂ ಕೂತೇ ಇಲ್ಲ ಇಷ್ಟು ದಿನ."

ಮಗಳ ಮುಖದಲ್ಲಿ ಮದುವೆಗೆ ಮುಂಚಿನ ಆಸೆಯೊಂದು ಬಂದು ಕೂತಿತ್ತು. ಯಶೋದಮ್ಮ ಸೆರಗು ಸರಿಮಾಡಿಕೊಂಡು ಕಾರಿನ ಹತ್ತಿರ ಹೋದಳು. ಬಾಗಿಲ ಅಂಚು ಹಿಡಿದಳು. ಒಂದು ಕಾಲು ಎತ್ತಿದಳು. ಮೈಸೂರು ರಸ್ತೆಯ ಲಾರಿಗಳು ಒಂದರ ಹಿಂದೊಂದು ಕಣ್ಣಮುಂದೆ ಹಾದವು. ಎತ್ತಿದ ಕಾಲನ್ನು ಕೆಳಗಿಟ್ಟಳು.

"ಇವತ್ತು ಬೇಡ ಕಣವ್ವ," ಎಂದಳು. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ದಿವ್ಯ ತಾಯಿಯ ಮುಖವನ್ನೇ ನೋಡಿದಳು. ಮಗಳ ಕೈಯಲ್ಲಿ ಒಲೆ ಒರಸಿದ ಒದ್ದೆ ಇನ್ನೂ ಆರಿರಲಿಲ್ಲ. ತೆರೆದಿದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಸುತ್ತಿಬಂದು ಕೂತು, ಬೆಲ್ಟು ಎಳೆದು ಹಾಕಿಕೊಂಡು, ಹಿಂದಕ್ಕೆ ತಿರುಗಿ ನೋಡದೆ ಹೊರಟಳು. ತಿರುವಿನಲ್ಲಿ ಕಾರು ಮರೆಯಾಗುವ ತನಕ ಯಶೋದಮ್ಮ ಗೇಟು ಹಿಡಿದುಕೊಂಡಿದ್ದಳು.

ಒಳಗೆ ಬಂದು ಫ್ರಿಜ್ಜು ತೆಗೆದಳು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದು, ಒಲೆ ಹೊತ್ತಿಸಿ, ಮೇಲಿಟ್ಟಳು. ನೀರು ಕುಡಿಯಲು ಬಂದ ಮಾನಸ, ಈ ಹೊತ್ತಿನಲ್ಲಿ ಯಾರಿಗತ್ತೆ ಹಾಲು ಎಂದು ಕೇಳಿದಳು.

"ಆಗ್ಲೇ ಇಟ್ಟಿದ್ದೆ," ಎಂದಳು ಯಶೋದಮ್ಮ.